ಮಳೆಗಾಲದಲ್ಲಿ ದಿನಸಿ ಖರ್ಚು ಕೈ ಮೀರುತ್ತಿದೆ, ನೀವೆಲ್ಲ ಹೇಗೆ ನಿಭಾಯಿಸುತ್ತೀರಿ?

ವಿನೋಬನಗರದ ಅಮ್ಮ:
ಎಲ್ಲರಿಗೂ ನಮಸ್ಕಾರ. ನಮ್ಮದು ಶಿವಮೊಗ್ಗ, ವಿನೋಬನಗರ. ಮನೆಯಲ್ಲಿ ಐದು ಜನ. ನಾನು, ನಮ್ಮನೆಯವರು, ಅತ್ತೆ, ಹೈಸ್ಕೂಲಿಗೆ ಹೋಗುವ ಇಬ್ಬರು ಮಕ್ಕಳು. ಹೋದ ವರ್ಷ ದಿನಸಿ, ತರಕಾರಿ, ಎಣ್ಣೆ, ಸೋಪು ಎಲ್ಲ ಸೇರಿ ತಿಂಗಳಿಗೆ 11 ಸಾವಿರದ ಆಸುಪಾಸಿನಲ್ಲಿ ಮುಗಿಯುತ್ತಿತ್ತು. ಈ ಜೂನ್‌ನಲ್ಲಿ 13,850 ಆಯಿತು. ಹಾಲಿನ ಲೆಕ್ಕ ಇದರಲ್ಲಿ ಸೇರಿಲ್ಲ.

ನಾನು ನೋಡಿಯೇ ತರುತ್ತೇನೆ. ಅಕ್ಕಿಗೆ ಒಂದು ಅಂಗಡಿ, ಎಣ್ಣೆಗೆ ಇನ್ನೊಂದು, ತರಕಾರಿಗೆ ಮತ್ತೊಂದು ಕಡೆ, ಹೀಗೆ ಎಲ್ಲಿ ಕಡಿಮೆಯೋ ಅಲ್ಲಿಗೆ ಸ್ಕೂಟಿ ತೆಗೆದುಕೊಂಡು ಹೋಗುತ್ತೇನೆ. ಮೇ ಕೊನೆಯಲ್ಲಿ ಒಂದು ಸೂಪರ್ ಮಾರ್ಕೆಟ್‌ನಲ್ಲಿ ಆಫರ್ ಇತ್ತು ಅಂತ 10 ಕೆಜಿ ಗೋಧಿ ಹಿಟ್ಟು, 5 ಕೆಜಿ ರವೆ, 3 ಕೆಜಿ ಕಡಲೆಬೀಜ ಒಟ್ಟಿಗೆ ತಂದಿಟ್ಟೆ. ಮುಂದಿನ ತಿಂಗಳ ಬಿಲ್ಲು ಇಳಿಯಬೇಕಿತ್ತು ಅಲ್ವಾ? ಇಳಿಯಲಿಲ್ಲ. ಎಲ್ಲಿ ತಪ್ಪುತ್ತಿದ್ದೇನೆ ಅಂತ ಗೊತ್ತಾಗುತ್ತಿಲ್ಲ. ಮಕ್ಕಳ ಊಟದಲ್ಲಿ ಕಡಿಮೆ ಮಾಡುವ ಮನಸ್ಸಿಲ್ಲ. ಬೇರೆ ಏನು ಮಾಡಬಹುದು, ಹೇಳಿ.

ಬಾಡಿಗೆ ರೂಮಿನವ:
ನನ್ನದೂ ಇದೇ ಪ್ರಶ್ನೆ ಅಕ್ಕ. ವಿದ್ಯಾನಗರದಲ್ಲಿ ಮೂರು ಜನ ಹುಡುಗರು ರೂಮ್ ಮಾಡಿಕೊಂಡಿದ್ದೇವೆ. ಅಡುಗೆ ನಾವೇ ಮಾಡುತ್ತೇವೆ. ಆದರೂ ತಿಂಗಳ ಕೊನೆಗೆ ಮೆಸ್ಸಿಗೆ ಹೋಗಿದ್ದರೇ ಕಡಿಮೆ ಬೀಳುತ್ತಿತ್ತೇನೋ ಅನ್ನಿಸುತ್ತದೆ. ಉತ್ತರ ಬಂದರೆ ನಮಗೂ ಉಪಯೋಗ.

ಮಂಡಿ ಅಣ್ಣ:
ಗಾಂಧಿ ಬಜಾರ್ ಹತ್ತಿರ ದಿನಸಿ ಅಂಗಡಿಯಲ್ಲಿ 22 ವರ್ಷ ಕೆಲಸ ಮಾಡಿದ್ದೇನೆ. ಈಗ ಬಿಟ್ಟಿದ್ದೇನೆ. ತಕ್ಕಡಿಯ ಆ ಕಡೆ ನಿಂತು ನೋಡಿದ್ದನ್ನು ಹೇಳುತ್ತೇನೆ ತಾಯಿ.

ಮೊದಲು ಅಕ್ಕಿ. 2022ರ ಜುಲೈ 18ರಿಂದ, 25 ಕೆಜಿವರೆಗೆ ಪ್ಯಾಕ್ ಮಾಡಿ ಲೇಬಲ್ ಹಾಕಿದ ಅಕ್ಕಿ, ಬೇಳೆ, ಹಿಟ್ಟಿಗೆಲ್ಲ ಶೇ 5 ಜಿಎಸ್‌ಟಿ ಇದೆ. ಚೀಲದಿಂದ ಬಿಡಿಯಾಗಿ ತೂಗಿ ಕೊಟ್ಟರೆ ಅದು ಇಲ್ಲ. 25 ಕೆಜಿಗಿಂತ ದೊಡ್ಡ ಚೀಲಕ್ಕೂ ಇಲ್ಲ. ಅಂಗಡಿಗಳಲ್ಲಿ 26 ಕೆಜಿ ಚೀಲ ಕಾಣುತ್ತೀರಲ್ಲ, ಅದು ಹುಟ್ಟಿದ್ದೇ ಇದಕ್ಕೆ. ಬಣ್ಣದ ಪ್ಯಾಕೆಟ್ಟಿನ 5 ಕೆಜಿ ಅಕ್ಕಿ ಐದು ಸಲ ತರುವ ಬದಲು ಆ ಚೀಲ ಒಂದು ತನ್ನಿ. ಐದು ಜನರ ಮನೆಗೆ ಅದು ದೊಡ್ಡದೇನಲ್ಲ.

ಇನ್ನೊಂದು. ಕೆಜಿಗೆ ನಾಲ್ಕು ರೂಪಾಯಿ ಕಡಿಮೆ ಅಂತ ಹೊಸ ಅಕ್ಕಿ ಒಯ್ಯುವವರು ಬಹಳ. ಹೊಸ ಅಕ್ಕಿ ಮುದ್ದೆಯಾಗುತ್ತದೆ, ಒದಗುವುದಿಲ್ಲ. ವರ್ಷ ಕಳೆದ ಅಕ್ಕಿ ನೀರು ಜಾಸ್ತಿ ಕುಡಿದು ಅರಳುತ್ತದೆ, ಅದೇ ಪಾವಿಗೆ ಒಬ್ಬರಿಗೆ ಜಾಸ್ತಿ ಬಡಿಸಬಹುದು. ಅಂಗಡಿಯವರನ್ನು ಬಾಯಿಬಿಟ್ಟು ಕೇಳಿ, ಹಳೆಯದಾ ಹೊಸದಾ ಅಂತ. ಕೇಳಿದವರಿಗೆ ಹೇಳುತ್ತಾರೆ.

ಎಣ್ಣೆಯಲ್ಲಿ ಜನ ತುಂಬಾ ಮೋಸ ಹೋಗುತ್ತಾರೆ. ಒಂದು ಲೀಟರ್ ಸೂರ್ಯಕಾಂತಿ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ಪಕ್ಕದಲ್ಲೇ ಅಷ್ಟೇ ಎತ್ತರದ ಇನ್ನೊಂದು ಪ್ಯಾಕೆಟ್ ಇರುತ್ತದೆ, ಅದರಲ್ಲಿ 850 ಗ್ರಾಂ, ಕೆಲವದರಲ್ಲಿ 800. 910 ಗ್ರಾಂ ಪ್ಯಾಕೆಟ್ 150 ರೂಪಾಯಿ, 850 ಗ್ರಾಂದು 143 ಅಂತಿಟ್ಟುಕೊಳ್ಳಿ. ಏಳು ರೂಪಾಯಿ ಉಳಿಯಿತು ಅನ್ನಿಸುತ್ತದೆ. ಲೆಕ್ಕ ಹಾಕಿದರೆ ಆ 850 ಗ್ರಾಂ ನಿಮಗೆ 140ಕ್ಕೆ ಸಿಗಬೇಕಿತ್ತು. ಟಿನ್‌ನಲ್ಲೂ ಹೀಗೇ. 15 ಕೆಜಿ ಟಿನ್ ಬೇರೆ, 15 ಲೀಟರ್ ಟಿನ್ ಬೇರೆ. 15 ಲೀಟರ್ ಅಂದರೆ ಸುಮಾರು 13 ಕೆಜಿ 650 ಗ್ರಾಂ ಅಷ್ಟೇ.

ಹಾಗೆಯೇ ಬಿಡಿ ಸಾಮಾನು ತರುವಾಗ ತಕ್ಕಡಿಯಲ್ಲಿ ಸೊನ್ನೆ ತೋರಿಸಿದ ಮೇಲೆ ಸಾಮಾನು ಇಡುತ್ತಾರಾ ನೋಡಿ. ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಸರ್ಕಾರದ ಮುದ್ರೆ ಹಾಕಿಸಬೇಕು. ಒಳ್ಳೆ ಅಂಗಡಿಯವರಿಗೆ ಇದನ್ನು ಕೇಳಿದರೆ ಬೇಜಾರಾಗುವುದಿಲ್ಲ.

ಒಟ್ಟಿನಲ್ಲಿ ನನ್ನ ಮಾತು ಇಷ್ಟೇ. ಒಟ್ಟಿಗೆ ತನ್ನಿ, ಬಿಡಿಯಾಗಿ ತನ್ನಿ, ತೂಕ ನೋಡಿ ತನ್ನಿ.

ಹೊಸನಗರದ ಅಕ್ಕ:
ಅಣ್ಣ ಹೇಳಿದ ತೂಕದ ಲೆಕ್ಕ ಎಲ್ಲ ಒಪ್ಪುತ್ತೇನೆ. ಆದರೆ ಎಲ್ಲವನ್ನೂ ಒಟ್ಟಿಗೆ ತನ್ನಿ ಅನ್ನುವುದನ್ನು ಒಪ್ಪುವುದಿಲ್ಲ. ಅದು ಬಯಲುಸೀಮೆಗೆ ಸರಿ. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಗೆದ ಬಟ್ಟೆಯೇ ಒಣಗುವುದಿಲ್ಲ, ಇನ್ನು ಹಿಟ್ಟು ಹೇಗೆ ಉಳಿಯುತ್ತದೆ ಹೇಳಿ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಮೇಲೆ ಮಳೆ ಬೀಳುತ್ತದೆ. ಶಿವಮೊಗ್ಗ ಪೇಟೆಗೆ ಅಷ್ಟಿಲ್ಲ ನಿಜ, ಆದರೆ ಗಾಳಿಯಲ್ಲಿ ಥಂಡಿ ಇದ್ದೇ ಇರುತ್ತದೆ.

ತಂಗಿ, ನೀವು ಮೇ ಕೊನೆಯಲ್ಲಿ ತಂದ ಹಿಟ್ಟು, ರವೆ, ಕಡಲೆಬೀಜ ಈಗ ಹೇಗಿದೆ? ಎದ್ದು ಹೋಗಿ ಡಬ್ಬದ ಮುಚ್ಚಳ ತೆಗೆದು ನೋಡಿ. ಮೇಲೆ ಮಾತ್ರ ನೋಡಬೇಡಿ, ಕೈ ಹಾಕಿ ತಳದವರೆಗೆ ನೋಡಿ.

ಮಳೆಗಾಲದ ದಾಸ್ತಾನು ಅಂದರೆ ನಮ್ಮ ಹಿರಿಯರು ಕಂಡಿದ್ದನ್ನೆಲ್ಲ ತುಂಬಿಡುತ್ತಿರಲಿಲ್ಲ. ಉಳಿಯುವಂಥದ್ದನ್ನು ಮಾತ್ರ ಇಡುತ್ತಿದ್ದರು, ಅದನ್ನೂ ಉಳಿಯುವ ಹಾಗೆ ಮಾಡಿ ಇಡುತ್ತಿದ್ದರು. ನಮ್ಮತ್ತೆ ಏಪ್ರಿಲ್, ಮೇ ಬಿಸಿಲಿನಲ್ಲಿ ಬೇಳೆಯನ್ನು ಎರಡು ದಿನ ಒಣಗಿಸಿ, ಅಂಗೈಗೆ ಹರಳೆಣ್ಣೆ ಸವರಿಕೊಂಡು ಬೇಳೆಗೆಲ್ಲ ತಿಕ್ಕಿ ಡಬ್ಬಕ್ಕೆ ಹಾಕುತ್ತಿದ್ದರು. ಕೆಜಿಗೆ ಒಂದು ಸಣ್ಣ ಚಮಚ ಸಾಕು. ತೊಳೆದರೆ ಎಣ್ಣೆ ಹೋಗುತ್ತದೆ, ನುಸಿ ಹತ್ತಿರ ಬರುವುದಿಲ್ಲ. ಮೆಣಸಿನಕಾಯಿ ಮುರಿದರೆ ಟಕ್ ಅನ್ನುವವರೆಗೆ ಒಣಗಬೇಕು. ಹುಣಸೆಹಣ್ಣಿನ ಬೀಜ ತೆಗೆದು, ಕಲ್ಲುಪ್ಪು ಹಾಕಿ ಉಂಡೆ ಕಟ್ಟಿ ಜಾಡಿಯಲ್ಲಿ ಒತ್ತಿ ಇಟ್ಟರೆ ವರ್ಷ ಕಳೆಯುತ್ತದೆ. ಹಲಸಿನ ಹಪ್ಪಳ, ಸಂಡಿಗೆ, ಉಪ್ಪಿನಲ್ಲಿ ಹಾಕಿದ ಮಾವಿನ ಮಿಡಿ, ಜೋನಿ ಬೆಲ್ಲದ ಡಬ್ಬ, ಇವೆಲ್ಲ ಅಟ್ಟದ ಮೇಲೆ ಇರುತ್ತಿತ್ತು. ಬಲಿತ ಮೊಗೆಕಾಯಿಯನ್ನು ಬಾಳೆಪಟ್ಟೆಯಲ್ಲಿ ಕಟ್ಟಿ ಜಂತಿಗೆ ತೂಗುಹಾಕಿದರೆ ತಿಂಗಳುಗಟ್ಟಲೆ ಇರುತ್ತದೆ, ನಾನು ಈಗಲೂ ಹಾಗೇ ಮಾಡುತ್ತೇನೆ.

ಹಿಟ್ಟು, ರವೆ, ಅವಲಕ್ಕಿ, ಕಡಲೆಬೀಜ, ಹುರಿಗಡಲೆ ಇವನ್ನು ಮಳೆಗಾಲದಲ್ಲಿ ಹದಿನೈದು ದಿನಕ್ಕಿಂತ ಜಾಸ್ತಿ ತರಲೇಬೇಡಿ. ರವೆ ತಂದ ದಿನವೇ ಬೆಚ್ಚಗೆ ಹುರಿದು, ಪೂರ್ತಿ ಆರಿದ ಮೇಲೆ ಮುಚ್ಚಿಡಿ. ಬಿಸಿ ಇರುವಾಗಲೇ ಮುಚ್ಚಳ ಹಾಕಿದರೆ ಒಳಗೇ ನೀರಾಡುತ್ತದೆ.

ವಿನೋಬನಗರದ ಅಮ್ಮ:
ಅಕ್ಕ, ನಿಮ್ಮ ಮಾತು ಓದಿ ಆಗಲೇ ಅಡುಗೆಮನೆಗೆ ಹೋದೆ. ಹೇಳಲು ಹೊಟ್ಟೆ ಉರಿಯುತ್ತದೆ. ಗೋಧಿ ಹಿಟ್ಟು 3 ಕೆಜಿ ಉಳಿದಿತ್ತು, ಪೂರ್ತಿ ಮುಗ್ಗಲು ವಾಸನೆ. ರವೆಯಲ್ಲಿ ಒಂದು ಕೆಜಿಯಷ್ಟು ಹುಳ ಬಿದ್ದು ಬಲೆ ಕಟ್ಟಿದೆ. ಕಡಲೆಬೀಜ ಒಂದೂವರೆ ಕೆಜಿ, ತಳದಲ್ಲಿ ಹಸಿರು ಬೂಷ್ಟು. ಹಿಟ್ಟಿಗೆ 150, ರವೆಗೆ 55, ಕಡಲೆಬೀಜಕ್ಕೆ 225. ಒಟ್ಟು 430 ರೂಪಾಯಿ. ಆಫರ್‌ನಲ್ಲಿ ನನಗೆ ಉಳಿದಿದ್ದು 180 ರೂಪಾಯಿ, ಬಿಲ್ಲು ಇನ್ನೂ ಇದೆ.

ಕಡಲೆಬೀಜ ತೊಳೆದು ಹುರಿದರೆ ಚಟ್ನಿಗೆ ಆಗುತ್ತದಾ? ಎಸೆಯಲು ಮನಸ್ಸಾಗುತ್ತಿಲ್ಲ.

ಲೆಕ್ಕದ ಮೇಷ್ಟ್ರು:
ದಯವಿಟ್ಟು ಬೇಡ ತಾಯಿ, ಎಸೆದುಬಿಡಿ. ಬೂಷ್ಟು ಹಿಡಿದ ಕಡಲೆಬೀಜದಲ್ಲಿ ಅಫ್ಲಾಟಾಕ್ಸಿನ್ ಅನ್ನುವ ವಿಷ ಇರಬಹುದು. ಅದು ಲಿವರಿಗೆ ಕೆಟ್ಟದ್ದು. ತೊಳೆದರೆ, ಹುರಿದರೆ ಪೂರ್ತಿ ಹೋಗುವಂಥದ್ದಲ್ಲ. ದನಕ್ಕೂ ಹಾಕಬೇಡಿ, ಹಾಲಿಗೆ ಬರುತ್ತದೆ. 225 ರೂಪಾಯಿ ಹೋದರೆ ಹೋಗಲಿ.

ನಾನು ನಿವೃತ್ತ ಗಣಿತದ ಮೇಷ್ಟ್ರು, ಗೋಪಾಳದಲ್ಲಿದ್ದೇನೆ. ನೀವು ಈಗ ಹಾಕಿದ ಲೆಕ್ಕವೇ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ. ಇನ್ನರ್ಧ ನಿಮ್ಮ ಸ್ಕೂಟಿಯಲ್ಲಿದೆ. ಪೆಟ್ರೋಲ್ ಲೀಟರಿಗೆ ನೂರು ದಾಟಿ ಎಷ್ಟೋ ಕಾಲವಾಯಿತು. ಸ್ಕೂಟಿ ಲೀಟರಿಗೆ 45 ಕಿಲೋಮೀಟರ್ ಕೊಟ್ಟರೂ ಕಿಲೋಮೀಟರಿಗೆ ಎರಡು ರೂಪಾಯಿ ಮೇಲೆ ಬೀಳುತ್ತದೆ. ಮೂರು ಅಂಗಡಿ ಸುತ್ತಿ ಹತ್ತು ಕಿಲೋಮೀಟರ್ ಓಡಿದರೆ ಇಪ್ಪತ್ತು ರೂಪಾಯಿ ಹೋಯಿತು. ಅಷ್ಟೇ ಅಲ್ಲ, ಮೂರು ಅಂಗಡಿಗೆ ಹೋದರೆ ಮೂರು ಕಡೆಯೂ ಚೀಟಿಯಲ್ಲಿ ಇಲ್ಲದ ಒಂದೊಂದು ಸಾಮಾನು ಕೈಗೆ ಬರುತ್ತದೆ. ನನಗೆ ಅಂಗಡಿಗಳ ಮೇಲೆ ಸಿಟ್ಟಿಲ್ಲ. ಆದರೆ ಸಾಮಾನು ಚೀಟಿ ಇಲ್ಲದೆ ಮನೆಯಿಂದ ಹೊರಡುವುದು ಒಳ್ಳೆಯದಲ್ಲ.

ನಮ್ಮನೆಯಲ್ಲಿ ಒಂದು ನೋಟ್‌ಬುಕ್ ಇದೆ. ಎಡಗಡೆ ತಂದದ್ದು, ತೂಕ, ಬೆಲೆ. ಬಲಗಡೆ ಎಸೆದದ್ದು. ಬಲಗಡೆ ಬರೆಯುವವರು ಕಡಿಮೆ, ಅದನ್ನೇ ಬರೆಯಬೇಕು. ಮೂರು ತಿಂಗಳು ಬರೆದರೆ ನಿಮ್ಮ ಮನೆಗೆ ನಿಜವಾಗಿ ಎಷ್ಟು ಬೇಕು ಅನ್ನುವುದು ಕಣ್ಣಿಗೆ ಕಾಣುತ್ತದೆ.

ಪ್ಯಾಕೆಟ್ ಸಾಮಾನು ತರುವಾಗ ಎಂಆರ್‌ಪಿ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಗ್ರಾಂಗೆ ಇಷ್ಟು, ಇಲ್ಲವೇ ಕೆಜಿಗೆ ಇಷ್ಟು ಅಂತ ಬರೆದಿರುತ್ತದೆ. ಕಾನೂನಿನ ಪ್ರಕಾರ ಅದು ಇರಲೇಬೇಕು. ಎರಡು ಬ್ರಾಂಡ್ ಹೋಲಿಸಲು ಆ ಒಂದು ಸಾಲು ಸಾಕು. ದೊಡ್ಡ ಪ್ಯಾಕೆಟ್ ಯಾವಾಗಲೂ ಅಗ್ಗ ಅಂದುಕೊಳ್ಳಬೇಡಿ. ಕೆಲವು ಶಾಂಪೂಗಳಲ್ಲಿ ಒಂದೆರಡು ರೂಪಾಯಿಯ ಸ್ಯಾಶೆಯೇ ಬಾಟಲಿಗಿಂತ ಅಗ್ಗ ಬೀಳುತ್ತದೆ. ಇನ್ನೊಂದು ವಿಷಯ, 2025ರ ಸೆಪ್ಟೆಂಬರ್ 22ರಿಂದ ಸ್ನಾನದ ಸೋಪು, ಶಾಂಪೂ, ಟೂತ್‌ಪೇಸ್ಟ್, ಬಿಸ್ಕತ್ತಿನ ಜಿಎಸ್‌ಟಿ ಶೇ 18ರಿಂದ 5ಕ್ಕೆ ಇಳಿದಿದೆ, ತುಪ್ಪ ಬೆಣ್ಣೆಗೆ 12ರಿಂದ 5ಕ್ಕೆ. ನಿಮ್ಮ ಹಳೆ ಬಿಲ್ಲು ಇದ್ದರೆ ಈಗಿನದರ ಜೊತೆ ಇಟ್ಟು ನೋಡಿ. ಎಂಆರ್‌ಪಿಗಿಂತ ಜಾಸ್ತಿ ಕೇಳಿದರೆ ಗ್ರಾಹಕರ ಸಹಾಯವಾಣಿ 1915 ಇದೆ, ಸುಮ್ನೆ ಕೊಟ್ಟು ಬರಬೇಡಿ.

ಮಂಡಿ ಅಣ್ಣ:
ಹೊಸನಗರದ ಅಕ್ಕನ ಮಾತಿಗೆ ತಲೆಬಾಗುತ್ತೇನೆ. ನಾನು ಅಂಗಡಿಯ ಲೆಕ್ಕ ಹೇಳಿದೆ, ಅವರು ಮನೆಯ ಲೆಕ್ಕ ಹೇಳಿದರು. ಅಂಗಡಿಯಲ್ಲೂ ಮಳೆಗಾಲದಲ್ಲಿ ನಾವು ಹಿಟ್ಟಿನ ಚೀಲವನ್ನು ಮರದ ಹಲಗೆ ಮೇಲೆ ಇಡುತ್ತಿದ್ದೆವು, ಗೋಡೆಗೆ ತಾಗಿಸುತ್ತಿರಲಿಲ್ಲ. ಅದನ್ನು ಗಿರಾಕಿಗೆ ಹೇಳಬೇಕು ಅಂತ ಒಂದು ದಿನವೂ ಹೊಳೆಯಲಿಲ್ಲ.

ಹಾಗಾದರೆ ಯಾವುದನ್ನು ಯಾವಾಗ ಒಟ್ಟಿಗೆ ತರಬೇಕು ಅನ್ನುವುದನ್ನು ಹೇಳುತ್ತೇನೆ. ಕಲಬುರಗಿ ಕಡೆಯ ಹೊಸ ತೊಗರಿ ಬರುವುದು ಡಿಸೆಂಬರ್‌ನಿಂದ ಫೆಬ್ರವರಿ. ಬೇಳೆ ಅದರ ಬೆನ್ನಿಗೇ ಬರುತ್ತದೆ. ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಗೆ ಜಾಸ್ತಿ ಬರುವುದು ಫೆಬ್ರವರಿ, ಮಾರ್ಚ್‌ನಲ್ಲಿ. ಹುಣಸೆಹಣ್ಣೂ ಆಗಲೇ. ನಮ್ಮ ಮಲೆನಾಡಿನ ಕಾಳುಮೆಣಸು ಕೊಯ್ಯುವುದೂ ಆ ದಿನಗಳಲ್ಲೇ, ಸಾಗರ, ಹೊಸನಗರ ಕಡೆ ಬೆಲ್ಲ ಮಾಡುವ ಆಲೆಮನೆ ನಡೆಯುವುದೂ ಚಳಿಗಾಲದಲ್ಲೇ. ಅಂದರೆ ಮಾರ್ಚ್, ಏಪ್ರಿಲ್‌ನಲ್ಲಿ ಒಂದು ಸಲ ಕೈ ಬಿಚ್ಚಿ ಖರ್ಚು ಮಾಡಿದರೆ ಮಾಲು ಹೊಸದು, ಬೆಲೆ ಹದವಾಗಿರುತ್ತದೆ, ಒಣಗಿಸಲು ಬಿಸಿಲೂ ಇರುತ್ತದೆ. ಮೇ ಕೊನೆಗೆ ತರುವುದು ತಡ. ತಾಯಿ, ನೀವು ಮಾಡಿದ್ದು ಅಷ್ಟೇ ತಪ್ಪು. ಉಳಿಯದ ಸಾಮಾನನ್ನು, ತಡವಾಗಿ ತಂದಿರಿ.

ಸಾಗರದ ಸೊಸೆ:
ತರಕಾರಿ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮನೆಯಲ್ಲಿ ಜಾಸ್ತಿ ದುಡ್ಡು ಹೋಗುತ್ತಿದ್ದದ್ದೇ ಅಲ್ಲಿ.

2023ರ ಜುಲೈನಲ್ಲಿ ಟೊಮೆಟೊ ಕೆಜಿಗೆ ನೂರು ದಾಟಿತ್ತು, ನೆನಪಿದೆಯಾ? ಆಗ ನಮ್ಮತ್ತೆ ಒಂದು ಮಾತು ಹೇಳಿದರು. ನಮ್ಮ ಅಡುಗೆಗೆ ಬೇಕಾದ್ದು ಹುಳಿ, ಟೊಮೆಟೊ ಯಾವಾಗ ಬಂತು ಅಂತ. ಆ ತಿಂಗಳು ಪೂರ್ತಿ ವಾಟೆಹುಳಿ, ಮುರುಗಲು, ಕಂಚಿಕಾಯಿ, ಹುಣಸೆಹಣ್ಣಿನಲ್ಲೇ ಕಳೆಯಿತು. ಸಾರು ಯಾರಿಗೂ ಸಪ್ಪೆ ಅನ್ನಿಸಲಿಲ್ಲ. ಮಳೆಗಾಲದಲ್ಲಿ ಬೀನ್ಸ್, ಕ್ಯಾರೆಟ್ ಅಂತ ಹಟ ಹಿಡಿದರೆ ದುಬಾರಿಯೇ. ಆಗ ನಮ್ಮಲ್ಲಿ ಸಿಗುವುದು ಕೆಸುವಿನ ಸೊಪ್ಪು, ಕಳಲೆ (ಎಳೆ ಬಿದಿರಿನ ಮೊಳಕೆ), ಬಾಳೆದಿಂಡು, ಬಾಳೆಹೂವು, ಒಂದೆಲಗ, ಚಕ್ರಮುನಿ. ಬಾಳೆದಿಂಡು ಒಂದು ತಂದರೆ ಒಂದು ದಿನ ಪಲ್ಯ, ಒಂದು ದಿನ ಮೊಸರುಗೊಜ್ಜು. ಕಳಲೆಯನ್ನು ಮಾತ್ರ ಹೆಚ್ಚಿ ಮೂರು ದಿನ ನೀರು ಬದಲಾಯಿಸುತ್ತಾ ನೆನೆಸಿ, ಆಮೇಲೆ ಚೆನ್ನಾಗಿ ಬೇಯಿಸಿ. ಇದರಲ್ಲಿ ಅವಸರ ಮಾಡಬಾರದು.

ತೆಂಗಿನಕಾಯಿ ಬೆಲೆ 2025ರಲ್ಲಿ ಏರಿದಾಗ ತಂಬುಳಿಗೆ ಕಾಯಿ ಅರ್ಧ ಮಾಡಿ ಮಜ್ಜಿಗೆ ಜಾಸ್ತಿ ಮಾಡಿದೆ. ರುಚಿ ಸ್ವಲ್ಪ ಬೇರೆ, ಆದರೆ ಮಕ್ಕಳು ಕೇಳಿ ಹಾಕಿಸಿಕೊಂಡರು.

ವಿನೋಬನಗರದ ಅಮ್ಮ:
ನಿಮಗೆ ಹಿತ್ತಲಿದೆ ಅಕ್ಕ. ನಮ್ಮದು ಮೊದಲನೇ ಮಹಡಿ, ಮುಂದೆ ನಾಲ್ಕಡಿ ಬಾಲ್ಕನಿ. ಪೇಟೆಯಲ್ಲಿ ಇವೆಲ್ಲ ದುಡ್ಡು ಕೊಟ್ಟೇ ತರಬೇಕು.

ಸಾಗರದ ಸೊಸೆ:
ಬಾಲ್ಕನಿ ಸಾಕು. ದೊಡ್ಡಪತ್ರೆಯ ಒಂದು ಕಡ್ಡಿ ಮುರಿದು ಕುಂಡದಲ್ಲಿ ಚುಚ್ಚಿ, ಮಳೆಗಾಲದಲ್ಲಿ ವಾರದಲ್ಲೇ ಚಿಗುರುತ್ತದೆ. ಬಸಳೆಯೂ ಕಡ್ಡಿಯಿಂದಲೇ ಬರುತ್ತದೆ, ಗ್ರಿಲ್‌ಗೆ ಹಬ್ಬಿಸಿ. ಒಂದೆಲಗಕ್ಕೆ ಅಗಲದ ಕುಂಡ, ಒದ್ದೆ ಮಣ್ಣು ಬೇಕು. ಮೂರು ಕುಂಡ ಇದ್ದರೆ ವಾರಕ್ಕೆ ಎರಡು ತಂಬುಳಿ ಆಗುತ್ತದೆ. ಆ ಎರಡು ಮಧ್ಯಾಹ್ನ ತರಕಾರಿ ಬೇಡ.

ಭದ್ರಾವತಿಯವಳು:
ಕಾರ್ಡ್ ಇರುವವರು ನ್ಯಾಯಬೆಲೆ ಅಂಗಡಿ ಅಕ್ಕಿಯನ್ನು ಬಿಡಬೇಡಿ. ನಮ್ಮ ಬೀದಿಯಲ್ಲಿ ಕೆಲವರು ಅದನ್ನು ಮನೆ ಬಾಗಿಲಿಗೆ ಬರುವವರಿಗೆ ಕೆಜಿ ಲೆಕ್ಕದಲ್ಲಿ ಮಾರಿ, ಅದೇ ವಾರ ಅಂಗಡಿಯಿಂದ ಮೂರು ಪಟ್ಟು ಕೊಟ್ಟು ದೋಸೆ ಅಕ್ಕಿ ತರುತ್ತಾರೆ. ಮಾರುವುದು ಕಾನೂನಿಗೂ ವಿರುದ್ಧ. ನಾವು ಊಟಕ್ಕೆ ಬೇರೆ ಅಕ್ಕಿ ಇಟ್ಟುಕೊಂಡು ಇದನ್ನು ದೋಸೆ, ಕಡುಬು, ರೊಟ್ಟಿ ಹಿಟ್ಟಿಗೆ ಹಾಕುತ್ತೇವೆ. ತೊಳೆದು ನೆರಳಲ್ಲಿ ಒಣಗಿಸಿ ಗಿರಣಿಗೆ ಕೊಟ್ಟರೆ ಅಕ್ಕಿ ಹಿಟ್ಟಿನ ಪ್ಯಾಕೆಟ್ ತರುವುದೇ ಬೇಡ.

ಬಾಡಿಗೆ ರೂಮಿನವ:
ನನ್ನ ಲೆಕ್ಕ ಬರೆದು ನೋಡಿದೆ ಮೇಷ್ಟ್ರೇ. ನಾವು ರಾತ್ರಿ ಆ್ಯಪ್‌ನಲ್ಲಿ ತರಿಸುತ್ತೇವೆ. ಬೇಕಾದ್ದು ಮೊಸರು, ಈರುಳ್ಳಿ, ಮೊಟ್ಟೆ, 120 ರೂಪಾಯಿ. ಆದರೆ 199 ಆದರೆ ಡೆಲಿವರಿ ಫ್ರೀ ಅಂತ ಚಿಪ್ಸ್, ಬಿಸ್ಕತ್ತು ಸೇರಿಸುತ್ತೇವೆ. ಒಂದು ತಿಂಗಳಲ್ಲಿ 14 ಸಲ ಹೀಗೆ ಮಾಡಿದ್ದೇವೆ. ಸುಮಾರು ಸಾವಿರ ರೂಪಾಯಿ ಬೇಡದ ಸಾಮಾನಿಗೇ ಹೋಗಿದೆ. ಡೆಲಿವರಿ ಚಾರ್ಜ್ ಕೊಟ್ಟಿದ್ದರೂ ಇಷ್ಟಾಗುತ್ತಿರಲಿಲ್ಲ.

ಲೆಕ್ಕದ ಮೇಷ್ಟ್ರು:
ಬರೆದು ನೋಡಿದಿರಲ್ಲ, ಬಹಳ ಸಂತೋಷ. ಒಂದು ಕೆಲಸ ಮಾಡಿ. ಹಗಲಲ್ಲಿ ಬೇಕು ಅನ್ನಿಸಿದ್ದನ್ನು ಆಗಲೇ ಬರೆದಿಡಿ, ವಾರಕ್ಕೆ ಎರಡು ದಿನ ಮಾತ್ರ ತನ್ನಿ. ಮೊಸರನ್ನು ಮನೆಯಲ್ಲೇ ಹೆಪ್ಪು ಹಾಕಿ. ನಂದಿನಿ ನೀಲಿ ಪ್ಯಾಕೆಟ್ ಹಾಲಿಗಿಂತ ಮೊಸರಿಗೆ ಲೀಟರಿಗೆ ಜಾಸ್ತಿಯೇ ಕೊಡಬೇಕು, ಹೆಪ್ಪು ಹಾಕಲು ಒಂದು ಚಮಚ ಸಾಕು. ಚಳಿಗೆ ಬೇಗ ಹೆಪ್ಪಾಗದಿದ್ದರೆ ಪಾತ್ರೆಯನ್ನು ಅಕ್ಕಿ ಡಬ್ಬದೊಳಗೆ ಇಡಿ.

ತೀರ್ಥಹಳ್ಳಿ ಕಡೆಯವ:
ಒಂದು ಮಾತು ಕೇಳಿಕೊಳ್ಳುತ್ತೇನೆ. ಉಳಿತಾಯ ಅಂತ ಸಂತೆಯಲ್ಲಿ ಸೊಪ್ಪು ಮಾರುವವರ ಹತ್ತಿರ ಎರಡು ರೂಪಾಯಿಗೆ ಎಳೆದಾಡಬೇಡಿ. ನಮ್ಮಮ್ಮ ಒಂದೆಲಗ, ಕೆಸುವಿನ ಸೊಪ್ಪು ಮಾರಿಯೇ ನಮ್ಮನ್ನು ಓದಿಸಿದ್ದು. ಬೆಳಗ್ಗೆ ನಾಲ್ಕಕ್ಕೆ ಎದ್ದು ಕೊಯ್ದು, ಜಿಗಣೆ ಕಚ್ಚಿಸಿಕೊಂಡು, ಮೊದಲ ಬಸ್ಸಿಗೆ ಬರುತ್ತಿದ್ದರು. ಸಂಜೆ ಹೋದರೆ ಅವರೇ ಕಡಿಮೆಗೆ ಕೊಡುತ್ತಾರೆ, ಬಸ್ಸಿಗೆ ಹೊತ್ತಾಗಿರುತ್ತದೆ. ಅಷ್ಟು ಸಾಕು.

ಹೊಸನಗರದ ಅಕ್ಕ:
ನಿಮ್ಮ ಅಮ್ಮನಿಗೆ ನಮಸ್ಕಾರ ಹೇಳಿ ತಮ್ಮ.

ವಿನೋಬನಗರದ ಅಮ್ಮ:
ಮೂರು ತಿಂಗಳಾಯಿತು, ಲೆಕ್ಕ ಒಪ್ಪಿಸಲು ಬಂದಿದ್ದೇನೆ. ಜುಲೈ 13,100. ಆಗಸ್ಟ್ 12,050. ಸೆಪ್ಟೆಂಬರ್ 11,700, ಚೌತಿ ಹಬ್ಬದ ಖರ್ಚು ಸೇರಿಯೂ ಇಷ್ಟೇ.

ಜಾಸ್ತಿ ಇಳಿದದ್ದು ಎಸೆಯುವುದು ನಿಂತದ್ದಕ್ಕೆ. ಮೇಷ್ಟ್ರು ಹೇಳಿದ ಹಾಗೆ ಬಲಗಡೆ ಬರೆಯಲು ಶುರು ಮಾಡಿದೆ. ಮೊದಲ ತಿಂಗಳು ಬರೆಯಲು ಕೈ ಬರುತ್ತಿರಲಿಲ್ಲ, ಅಷ್ಟು ಸಂಕಟ ಆಯಿತು. ಅರ್ಧ ಸೌತೆಕಾಯಿ, ಹುಳಿ ಬಂದ ದೋಸೆ ಹಿಟ್ಟು, ಬಾಡಿದ ಕೊತ್ತಂಬರಿ, ವಾರಕ್ಕೆ ನೂರು ರೂಪಾಯಿ ಸುಮ್ನೆ ಹೋಗುತ್ತಿತ್ತು. ಈಗ ಗೋಧಿ 5 ಕೆಜಿ ತಂದು ಎರಡು ಸಲಕ್ಕೆ ಬೀಸಿಸುತ್ತೇನೆ. ಎಣ್ಣೆ ತೂಕ ನೋಡದೆ ಮುಟ್ಟುವುದಿಲ್ಲ. ಅಂಗಡಿ ಒಂದೇ ಇಟ್ಟುಕೊಂಡಿದ್ದೇನೆ, ತರಕಾರಿಗೆ ವಾರಕ್ಕೆ ಒಂದು ಸಲ. ಅಂಗಡಿಯವರು ಈಗ ಹಳೆ ಅಕ್ಕಿ ಬಂದರೆ ಫೋನ್ ಮಾಡಿ ಹೇಳುತ್ತಾರೆ.

ಒಂದು ಕೆಲಸ ಸರಿಯಾಗಲಿಲ್ಲ. ಪಕ್ಕದ ಇಬ್ಬರ ಜೊತೆ ಸೇರಿ ಎಣ್ಣೆ ಟಿನ್ ತಂದೆವು. ಹಂಚುವಾಗ ಚೆಲ್ಲಿತು, ಯಾರ ಪಾಲಿನಲ್ಲಿ ಕಡಿಮೆ ಅನ್ನುವುದು ಮಾತಿಗೆ ಬಂತು. ಎಣ್ಣೆ ಇನ್ನು ಒಟ್ಟಿಗೆ ತರುವುದಿಲ್ಲ. ಬೇಳೆ, ಮೆಣಸಿನಕಾಯಿ, ಹುಣಸೆಹಣ್ಣು ಮಾತ್ರ ಮಾರ್ಚ್‌ನಲ್ಲಿ ಮೂರು ಮನೆಗೂ ಸೇರಿ ತರುವುದು ಅಂತ ಮಾತಾಗಿದೆ, ತಕ್ಕಡಿ ಇಟ್ಟು ಹಂಚಿಕೊಳ್ಳುತ್ತೇವೆ. ಅತ್ತೆ ಈಗಲೇ ಹರಳೆಣ್ಣೆ ತರಿಸಿಟ್ಟಿದ್ದಾರೆ.

ಬಾಡಿಗೆ ರೂಮಿನವ:
ಅಕ್ಕ, ಮಾರ್ಚ್‌ನಲ್ಲಿ ನಮ್ಮದೂ ಮೂರು ಕೆಜಿ ಬೇಳೆ ಸೇರಿಸಿಕೊಳ್ಳುತ್ತೀರಾ? ಹೊತ್ತು ತರುವ ಕೆಲಸ ನಮಗೆ ಬಿಡಿ. ದೊಡ್ಡಪತ್ರೆ ಕಡ್ಡಿ ಇದ್ದರೆ ಒಂದು ಕೊಡಿ.

ವಿನೋಬನಗರದ ಅಮ್ಮ:
ಖಂಡಿತ. ಭಾನುವಾರ ಬನ್ನಿ, ಕಡ್ಡಿ ತೆಗೆದಿಡುತ್ತೇನೆ. ಬೇಳೆ ಬಿಸಿಲಿಗೆ ಹಾಕುವ ದಿನ ಮಾತ್ರ ಮೂರೂ ಜನ ಬರಬೇಕು, ನಮ್ಮ ತಾರಸಿಗೆ ಮಂಗಗಳ ಕಾಟ.